ಸಾಫ್ಟ್‌ವೇರ್ 92 ಅಂಕ ಕೊಟ್ಟವನಿಗೆ ಆಫ್‌ಸೆಟ್ ಗೊತ್ತಿಲ್ಲ, 31 ಕೊಟ್ಟವನೇ ಕೆಲಸಗಾರ. ಎಲ್ಲಿ ತಪ್ಪುತ್ತಿದ್ದೇವೆ?

ಪೀಣ್ಯದ_ಎಚ್‌ಆರ್

ಪೀಣ್ಯದಲ್ಲಿ ನಮ್ಮದೊಂದು ಮಶಿನಿಂಗ್ ಕಾರ್ಖಾನೆ. 85 ಜನ. ಎಚ್‌ಆರ್ ಅಂದರೆ ನಾನೊಬ್ಬಳೇ. ಹಾಜರಿ, ಪಿಎಫ್, ಇಎಸ್‌ಐ, ಕ್ಯಾಂಟೀನಿನ ಸಾಂಬಾರಿಗೆ ಉಪ್ಪು ಜಾಸ್ತಿಯಾದರೆ ಬರುವ ದೂರು, ಎಲ್ಲವೂ ನನ್ನ ಟೇಬಲ್ಲಿಗೇ ಬರುತ್ತವೆ.

ಹೋದ ವರ್ಷದವರೆಗೆ ಜನ ಬೇಕಾದರೆ ಗೇಟಿಗೆ ಬೋರ್ಡು ಹಾಕುತ್ತಿದ್ದೆವು, ಇರುವ ಹುಡುಗರಿಗೆ "ನಿಮ್ಮ ಕಡೆ ಯಾರಾದರೂ ಇದ್ದರೆ ಕರ್ಕೊಂಡು ಬನ್ನಿ" ಅನ್ನುತ್ತಿದ್ದೆವು, ಉಳಿದದ್ದು ನನ್ನ ವಾಟ್ಸಾಪ್. ಈ ಸಲ ಮಾಲೀಕರು ಯಾವುದೋ ಎಕ್ಸ್‌ಪೋಗೆ ಹೋಗಿ ಬಂದವರೇ ಒಂದು ನೇಮಕಾತಿ ಸಾಫ್ಟ್‌ವೇರಿಗೆ ವರ್ಷದ ಚಂದಾ ಕಟ್ಟಿಬಿಟ್ಟರು. ಹೆಸರು ಬೇಡ. ಜಾಹೀರಾತನ್ನು ನಾಲ್ಕು ಕಡೆ ಹಾಕುತ್ತದೆ, ಬಂದ ರೆಸ್ಯೂಮೆ ಓದುತ್ತದೆ, ಒಬ್ಬೊಬ್ಬರಿಗೂ 100ಕ್ಕೆ ಇಷ್ಟು ಅಂತ ಅಂಕ ಕೊಡುತ್ತದೆ.

ಮೂರು ಜನ ವಿಎಂಸಿ ಸೆಟ್ಟರ್ ಬೇಕಿತ್ತು, ಅಂದರೆ ಕಂಪ್ಯೂಟರಿನಿಂದ ನಡೆಯುವ ಮಿಲ್ಲಿಂಗ್ ಮಶಿನನ್ನು ಕೆಲಸಕ್ಕೆ ಹೊಂದಿಸಿ ಕೊಡುವವರು. 412 ಅರ್ಜಿ ಬಂತು. ಮೊದಲ ದಿನ ಖುಷಿಯಾಯಿತು. 70ಕ್ಕಿಂತ ಮೇಲಿದ್ದ 38 ಜನರಿಗೆ ಫೋನ್ ಮಾಡಿದೆ. ಅರ್ಧ ಜನ ಎತ್ತಲಿಲ್ಲ, ಎತ್ತಿದವರಲ್ಲಿ ಕೆಲವರಿಗೆ ತಾವು ಅರ್ಜಿ ಹಾಕಿದ್ದೇ ನೆನಪಿಲ್ಲ, ಒಬ್ಬ ಚೆನ್ನೈಯಲ್ಲಿ ಕುಳಿತು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದಾನೆ, ರೆಸ್ಯೂಮೆಯಲ್ಲಿ "ಸೆಟಪ್" ಅನ್ನುವ ಪದ ಎಂಟು ಸಲ ಇದೆ ಅಂತ ಅವನಿಗೆ 81 ಅಂಕ! ಕೊನೆಗೆ ಟೆಸ್ಟಿಗೆ ಬಂದವರು ಒಂಬತ್ತು ಜನ. 92 ಅಂಕದವನನ್ನು ಮಶಿನ್ ಮುಂದೆ ನಿಲ್ಲಿಸಿದರೆ ಟೂಲ್ ಆಫ್‌ಸೆಟ್ ತೆಗೆಯಲು, ಅಂದರೆ ಟೂಲಿನ ಅಳತೆ ತೆಗೆದು ಮಶಿನ್‌ಗೆ ಹೇಳಿಕೊಡಲು, ಬರಲಿಲ್ಲ. ಅವನ ರೆಸ್ಯೂಮೆ ಮಾತ್ರ ನಮ್ಮ ಜಾಹೀರಾತನ್ನೇ ಕನ್ನಡಿಯಲ್ಲಿ ನೋಡಿದ ಹಾಗಿತ್ತು.

ಅದೇ ವಾರ ನಮ್ಮ ಕ್ವಾಲಿಟಿ ಹುಡುಗ ತನ್ನ ರೂಮ್‌ಮೇಟನ್ನು ಕರೆದುಕೊಂಡು ಬಂದ. ಆ ಹುಡುಗ ಪೀಸ್ ಹಿಡಿಯುವ ವೈಸ್‌ಗೆ ಅಳತೆಯ ಡಯಲ್ ಇಟ್ಟು ನೇರ ಮಾಡಿದ, ಆಫ್‌ಸೆಟ್ ತೆಗೆದ, ಮೊದಲ ಪೀಸೇ ಓಕೆ. ಸುಮ್ನೆ ಕುತೂಹಲಕ್ಕೆ ಸಿಸ್ಟಮ್‌ನಲ್ಲಿ ಅವನ ಮೊಬೈಲ್ ನಂಬರ್ ಹಾಕಿ ಹುಡುಕಿದರೆ, ಅವನೂ ಅರ್ಜಿ ಹಾಕಿದ್ದಾನೆ. ಅಂಕ 31. ನಾನು ತೆರೆದೂ ನೋಡಿರಲಿಲ್ಲ.

ಈಗ ಮಾಲೀಕರು "ನಿಮಗೆ ಬಳಸಲು ಬರುತ್ತಿಲ್ಲ" ಅನ್ನುತ್ತಾರೆ. ಸೂಪರ್‌ವೈಸರ್ "ಎತ್ತಿ ಬಿಸಾಕಿ ಮೇಡಂ" ಅನ್ನುತ್ತಾರೆ. ಸಣ್ಣ ಕಂಪನಿಯಲ್ಲಿ ಇಂಥದ್ದನ್ನು ಬಳಸಿ ಸರಿಯಾದ ಜನರನ್ನು ಹುಡುಕಿದವರು ಯಾರಾದರೂ ಇದ್ದೀರಾ?

ಮೈಕ್ರಾನ್_ಮಾವ

ನಿಮ್ಮ ಸೂಪರ್‌ವೈಸರ್ ಹೇಳಿದ್ದು ಸರಿ. 26 ವರ್ಷದಿಂದ ಶಾಪ್ ಫ್ಲೋರಿನಲ್ಲಿ ಇದ್ದೇನೆ, ಒಳ್ಳೆಯ ಸೆಟ್ಟರ್ ರೆಸ್ಯೂಮೆ ಬರೆದದ್ದನ್ನು ನಾನು ನೋಡಿಲ್ಲ. ಅವನಿಗೆ ಅದರ ಅಗತ್ಯವೇ ಬಿದ್ದಿರುವುದಿಲ್ಲ, ಒಂದು ಕಡೆ ಬಿಟ್ಟರೆ ಪಕ್ಕದ ಶೆಡ್ಡಿನವರು ಸಂಜೆಯೇ ಕರೆಯುತ್ತಾರೆ.

"ಸಿಎನ್‌ಸಿ ಆಪರೇಟರ್, 5 ವರ್ಷ" ಅಂತ ಬರೆದವರಲ್ಲಿ ಎರಡು ಥರ. ಸಿಎನ್‌ಸಿ ಅಂದರೆ ಕಂಪ್ಯೂಟರ್ ನಡೆಸುವ ಮಶಿನ್. ಒಬ್ಬ ಐದು ವರ್ಷ ಪೀಸ್ ಹಾಕಿ, ಹಸಿರು ಬಟನ್ ಒತ್ತಿ, ಪೀಸ್ ತೆಗೆದಿದ್ದಾನೆ. ಇನ್ನೊಬ್ಬ ಪೀಸ್ ಹಿಡಿದಿಡುವ ಜಿಗ್ ಬದಲಾಯಿಸಿದ್ದಾನೆ, ಟೂಲ್ ಮುರಿದಾಗ ಯಾಕೆ ಮುರಿಯಿತು ಅಂತ ತಲೆ ಕೆಡಿಸಿಕೊಂಡಿದ್ದಾನೆ, ರಾತ್ರಿ ಶಿಫ್ಟಿನಲ್ಲಿ ಪ್ರೋಗ್ರಾಮ್ ತಿದ್ದಿ ಬೆಳಿಗ್ಗೆ ಬೈಸಿಕೊಂಡಿದ್ದಾನೆ. ಕಾಗದದ ಮೇಲೆ ಇಬ್ಬರದೂ ಒಂದೇ ಸಾಲು. ನಿಮ್ಮ ಸಾಫ್ಟ್‌ವೇರಿಗೆ ಏನು ಗೊತ್ತಾಗಬೇಕು?

ನಾನು ಕೇಳುವುದು ಮೂರೇ ಪ್ರಶ್ನೆ. ಡ್ರಾಯಿಂಗಿನಲ್ಲಿ ಬೋರ್ 25 ಎಚ್7 ಅಂತ ಇದೆ, ಅಂದರೆ 25 ಮಿ.ಮೀ. ರಂಧ್ರ, ಎಚ್7 ಅನ್ನುವುದು ಅದರ ಅಳತೆಗೆ ಬಿಡುವ ಸಡಿಲ, ಎಷ್ಟರಿಂದ ಎಷ್ಟರವರೆಗೆ ಬಿಡಬಹುದು? 25.000ದಿಂದ 25.021, ಅಂದರೆ 21 ಮೈಕ್ರಾನ್ ಅಂತರ, ಅಂತ ಹೇಳಿದರೆ ಸರಿ, "ಚಾರ್ಟ್ ನೋಡಬೇಕು ಸರ್" ಅಂದರೂ ಸರಿ, ಚಾರ್ಟ್ ಇದೆ ಅಂತಲಾದರೂ ಗೊತ್ತಿದೆಯಲ್ಲ. ಎರಡನೆಯದು, ಜಿ54, ಅಂದರೆ ಪೀಸಿನ ಸೊನ್ನೆ ಬಿಂದು, ಎಲ್ಲಿ ಇಡುತ್ತೀಯ, ಯಾಕೆ? ಮೂರನೆಯದು, ನೀನು ಕೊನೆಯದಾಗಿ ಸ್ಕ್ರ್ಯಾಪ್ ಮಾಡಿದ ಪೀಸ್ ಯಾವುದು? "ನಾನು ಸ್ಕ್ರ್ಯಾಪೇ ಮಾಡಿಲ್ಲ" ಅಂದವನನ್ನು ಟೀ ಕೊಟ್ಟು ಕಳಿಸಿಬಿಡುತ್ತೇನೆ.

ಬೂಲಿಯನ್_ಭಟ್ಟ

ಮಾವ, ಮೂರು ಪ್ರಶ್ನೆ ಚಿನ್ನದಂಥವು. ಆದರೆ ಆ ಪ್ರಶ್ನೆ ಕೇಳಲು ಎದುರಿಗೆ ಮನುಷ್ಯ ಬರಬೇಕಲ್ಲ? ನಾನು 14 ವರ್ಷದಿಂದ ಕಾರ್ಖಾನೆಗಳಿಗೆ ಜನ ಹುಡುಕಿಕೊಡುವ ಕೆಲಸದಲ್ಲಿದ್ದೇನೆ. ಬಾಯಿಮಾತು ಚೆನ್ನಾಗಿಯೇ ನಡೆಯುತ್ತದೆ, ಮೂರು ಜನ ಬೇಕಾದಾಗ. ಒಂದೇ ಸಲ 20 ಜನ ಬೇಕಾದರೆ ಆಗುವುದಿಲ್ಲ. ಇನ್ನೊಂದು ಮಾತು, ಒಂದೇ ಊರಿನವರು, ಒಂದೇ ರೂಮಿನವರು ತುಂಬಿಕೊಂಡರೆ ಒಬ್ಬ ಬಿಟ್ಟ ದಿನ ಆರು ಜನ ಬಿಡುತ್ತಾರೆ. ಕಣ್ಣಾರೆ ನೋಡಿದ್ದೇನೆ.

ಮೇಡಂ, ನೀವು ಮಾಡಿದ್ದು ಜಾಹೀರಾತು ಹಾಕಿ ಕಾಯುವ ಕೆಲಸ. ಅದು ಹುಡುಕುವುದು ಅಲ್ಲ. ಹುಡುಕುವುದು ಅಂದರೆ ಡೇಟಾಬೇಸ್ ಒಳಗೆ ಕೈ ಹಾಕುವುದು. ನೌಕ್ರಿ ಅನ್ನುವ ಉದ್ಯೋಗ ಜಾಲತಾಣ 1997ರಿಂದ ಇದೆ, ಅದರ ರೆಸ್‌ಡೆಕ್ಸ್ ಅನ್ನುವ ರೆಸ್ಯೂಮೆ ಭಂಡಾರ ಇದಕ್ಕೇ ಇರುವುದು. ಆಪರೇಟರ್, ಸೆಟ್ಟರ್ ಕೆಲಸಕ್ಕೆ ಅಪ್ನಾ, ವರ್ಕ್‌ಇಂಡಿಯಾ ಥರದ ಆ್ಯಪ್‌ಗಳಲ್ಲಿ ನೋಡಿ. ಸೆಟ್ಟರ್ ಹುಡುಕಲು ಲಿಂಕ್ಡ್‌ಇನ್‌ಗೆ ದುಡ್ಡು ಸುರಿಯಬೇಡಿ, ಅಲ್ಲಿ ನಿಮಗೆ ಸಿಗುವುದು ಪ್ಲಾಂಟ್ ಹೆಡ್‌ಗಳು.

ಹುಡುಕುವ ಪದಗಳಲ್ಲೇ ಅರ್ಧ ಆಟ ಇದೆ. ನೀವು "ವಿಎಂಸಿ ಸೆಟ್ಟರ್" ಅಂತ ಮಾತ್ರ ಹಾಕಿರುತ್ತೀರಿ. ಹುಡುಗರು ಬರೆಯುವುದು ಹಾಗಲ್ಲ. ಒಬ್ಬ "ಸೆಟ್ಟರ್ ಕಮ್ ಆಪರೇಟರ್" ಅನ್ನುತ್ತಾನೆ, ಒಬ್ಬ "ಸಿಎನ್‌ಸಿ ಮಿಲ್ಲಿಂಗ್", ಇನ್ನೊಬ್ಬ "ವರ್ಟಿಕಲ್ ಮಶಿನಿಂಗ್ ಸೆಂಟರ್" ಅಂತ ಉದ್ದಕ್ಕೆ ಬರೆಯುತ್ತಾನೆ, ಮತ್ತೊಬ್ಬ ಬರೀ "ಫ್ಯಾನುಕ್ ಕಂಟ್ರೋಲ್" (ಮಶಿನ್ ನಡೆಸುವ ಕಂಪ್ಯೂಟರಿನ ಹೆಸರು) ಅಂತ ಬರೆದು ಸುಮ್ಮನಾಗುತ್ತಾನೆ. ಇವೆಲ್ಲದರ ನಡುವೆ "ಆರ್" (ಇದು ಅಥವಾ ಅದು) ಹಾಕಿ ಒಂದು ಬ್ರಾಕೆಟ್. ಆಮೇಲೆ "ಅಂಡ್" (ಇದೂ ಇರಬೇಕು) ಹಾಕಿ ಜಿಟಿಟಿಸಿ, ಎನ್‌ಟಿಟಿಎಫ್ ಅನ್ನುವ ತರಬೇತಿ ಸಂಸ್ಥೆಗಳು, ಐಟಿಐ, ಡಿಪ್ಲೊಮಾ ಇವುಗಳದ್ದು ಇನ್ನೊಂದು ಬ್ರಾಕೆಟ್. "ನಾಟ್" (ಇದು ಬೇಡ) ಹಾಕಿ ಸೇಲ್ಸ್, ಸರ್ವೀಸ್ ಇಂಜಿನಿಯರ್. ನಿಮ್ಮ ಚೆನ್ನೈ ಮಹಾಶಯ ಮೊದಲ ಬ್ರಾಕೆಟ್ಟಿನಲ್ಲೇ ಉದುರಿಹೋಗುತ್ತಾನೆ.

ಊರಿನ ಹೆಸರಿನಲ್ಲಿ ಬಹಳ ಜನ ಎಡವುತ್ತಾರೆ. 2014ರ ನವೆಂಬರ್ 1ಕ್ಕೆ ನಮ್ಮ 12 ಊರುಗಳ ಹೆಸರು ಬದಲಾಯಿತಲ್ಲ. ರೆಸ್ಯೂಮೆಗಳಿಗೆ ಅದು ಇನ್ನೂ ಪೂರ್ತಿ ಗೊತ್ತಿಲ್ಲ. ಬೆಳಗಾವಿ ಅಂತ ಹುಡುಕಿದರೆ ಬೆಲ್ಗಾಂ ಅಂತ ಬರೆದವನು ಸಿಗದೆ ಹೋಗಬಹುದು. ಹುಬ್ಬಳ್ಳಿ, ಹುಬ್ಲಿ ಎರಡೂ ಹಾಕಿ. ತುಮಕೂರನ್ನು ಇಂಗ್ಲಿಷಿನಲ್ಲಿ ಮೂರು ಥರ ಬರೆದದ್ದನ್ನು ನಾನೇ ಎಣಿಸಿದ್ದೇನೆ. ಬೆಳಗಾವಿ ಉದ್ಯಮಬಾಗ್, ಶಿವಮೊಗ್ಗದ ಫೌಂಡ್ರಿಗಳ ಕಡೆ ಕೆಲಸ ಮಾಡಿದವರು ಬೆಂಗಳೂರಿಗೆ ಬರಲು ಸಿದ್ಧ ಇರುತ್ತಾರೆ, ಆದರೆ ಅವರ ಪ್ರೊಫೈಲ್ ನಿಮ್ಮ "ಬೆಂಗಳೂರು" ಫಿಲ್ಟರ್ ದಾಟಿ ಬರುವುದೇ ಇಲ್ಲ.

ಸಿಕ್ಕವರಲ್ಲಿ ಮೊದಲು ನೋಡಬೇಕಾದದ್ದು ಅಂಕ ಅಲ್ಲ, ಕೊನೆಯ ಸಲ ಲಾಗಿನ್ ಆದ ದಿನ. 15 ದಿನದೊಳಗೆ ಆಗಿದ್ದರೆ ಮನುಷ್ಯ ಕೆಲಸ ಹುಡುಕುತ್ತಿದ್ದಾನೆ ಅಂತ ಅರ್ಥ. ಎರಡು ವರ್ಷದ ಹಿಂದಿನ ರೆಸ್ಯೂಮೆಗೆ 95 ಅಂಕ ಬಂದರೇನು, ಅವನು ಊರಲ್ಲಿ ಅಂಗಡಿ ಇಟ್ಟಿರುತ್ತಾನೆ. ಫೋನ್ ಮಾಡುವ ಹೊತ್ತೂ ಮುಖ್ಯ. ಬೆಳಿಗ್ಗೆ ಹನ್ನೊಂದಕ್ಕೆ ಮಾಡಿದರೆ ಮೊದಲ ಶಿಫ್ಟಿನವನು ಮಶಿನ್ ಮುಂದೆ, ರಾತ್ರಿ ಶಿಫ್ಟಿನವನು ನಿದ್ದೆಯಲ್ಲಿ. ಮಧ್ಯಾಹ್ನ ಎರಡೂವರೆಗೆ ಮಾಡಿ ನೋಡಿ, ಶಿಫ್ಟ್ ಮುಗಿಸಿ ಬಸ್ಸಿಗೆ ಕಾಯುತ್ತಿರುತ್ತಾರೆ.

ಕೋಡ್_ಕಡಬು

ನಾನು ಮೊದಲು ಇಂಥದೇ ಸಾಫ್ಟ್‌ವೇರ್ ಬರೆಯುವ ಕಂಪನಿಯಲ್ಲಿದ್ದೆ. 31 ಯಾಕೆ ಬಂತು ಅಂತ ಊಹಿಸಬಲ್ಲೆ. ಆ ಹುಡುಗನ ಪ್ರೊಫೈಲ್ ತೆರೆದು, ಅವನು ಹಾಕಿದ ಕಡತವನ್ನಲ್ಲ, ಸಾಫ್ಟ್‌ವೇರ್ ಓದಿಕೊಂಡ ಪಠ್ಯವನ್ನು ನೋಡಿ. ಹೆಚ್ಚಿನವುಗಳಲ್ಲಿ "ಪಾರ್ಸ್ಡ್" ಅಂತ ಒಂದು ಟ್ಯಾಬ್ ಇರುತ್ತದೆ.

ನಡೆಯುವುದು ಇಷ್ಟೇ. ಮೊದಲು ಕಡತದಿಂದ ಅಕ್ಷರಗಳನ್ನು ಹೊರಗೆ ತೆಗೆಯುತ್ತದೆ. ಆಮೇಲೆ ಇದು ಹೆಸರು, ಇದು ಓದು, ಇದು ಅನುಭವ ಅಂತ ತುಂಡು ಮಾಡುತ್ತದೆ. ಕೊನೆಗೆ ಆ ತುಂಡುಗಳನ್ನು ನಿಮ್ಮ ಜಾಹೀರಾತಿನ ಪದಗಳ ಜೊತೆ ತೂಗಿ ಅಂಕ ಕೊಡುತ್ತದೆ. ಮೊದಲ ಹೆಜ್ಜೆಯಲ್ಲೇ ಮುಗ್ಗರಿಸಿದರೆ ಉಳಿದದ್ದೆಲ್ಲ ದಂಡ. ಎರಡು ಕಾಲಮ್ ಇರುವ ರೆಸ್ಯೂಮೆಯನ್ನು ಕೆಲವು ಪಾರ್ಸರ್‌ಗಳು, ಅಂದರೆ ಹೀಗೆ ತುಂಡು ಮಾಡಿ ಓದುವ ಪ್ರೋಗ್ರಾಮ್‌ಗಳು, ಎಡದ ಅರ್ಧ ಸಾಲು, ಬಲದ ಅರ್ಧ ಸಾಲು ಸೇರಿಸಿ ಓದುತ್ತವೆ. ವಾಟ್ಸಾಪಿನಲ್ಲಿ ಫೋಟೋ ಹೊಡೆದು ಕಳಿಸಿದ್ದನ್ನು ಪಿಡಿಎಫ್ ಮಾಡಿದರೆ ಅದು ಚಿತ್ರ ಅಷ್ಟೇ, ಚಿತ್ರದಿಂದ ಅಕ್ಷರ ಗುರುತಿಸುವ ಒಸಿಆರ್ ಇಲ್ಲದಿದ್ದರೆ ಅದರಲ್ಲಿ ಒಂದಕ್ಷರವೂ ಇಲ್ಲ.

ನಮ್ಮ ಕಡೆಯ ವಿಶೇಷ ಕಾಯಿಲೆ ಬೇರೆಯೇ ಇದೆ. ಡಿಟಿಪಿ ಅಂಗಡಿಯಲ್ಲಿ ಕನ್ನಡದಲ್ಲಿ ಟೈಪ್ ಮಾಡಿಸಿದ ರೆಸ್ಯೂಮೆ ಎಷ್ಟೋ ಸಲ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್‌ನಲ್ಲಿ ಇರುವುದಿಲ್ಲ, ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿರುತ್ತದೆ. ನಮ್ಮ ಕಣ್ಣಿಗೆ "ಕನ್ನಡ" ಅಂತ ಕಾಣುವುದು ಯಂತ್ರಕ್ಕೆ ಇಂಗ್ಲಿಷಿನ ಪಿ, ತಲೆ ಮೇಲೆ ಗೆರೆ ಇರುವ ಎ, ಆಮೇಲೆ ಪೌಂಡ್ ಗುರುತು, ಹೀಗೆ ಕಾಣುತ್ತದೆ. ಅದರಲ್ಲಿ ಅವನು "ಆರು ವರ್ಷ ಸೆಟ್ಟಿಂಗ್ ಕೆಲಸ" ಅಂತ ಬರೆಸಿದ್ದರೂ ಅಷ್ಟೇ, ಅಡುಗೆ ಮಾಡುವ ವಿಧಾನ ಬರೆಸಿದ್ದರೂ ಅಷ್ಟೇ.

ಹೆಸರಿನ ಕಥೆ ಕೇಳಿ. ಈ ಪಾರ್ಸರ್‌ಗಳಿಗೆ ಹೆಸರು ಅಂದರೆ ಮೊದಲ ಹೆಸರು, ಕೊನೆಯ ಹೆಸರು. ನಮ್ಮಲ್ಲಿ ಮಂಜುನಾಥ ಬಿ. ಎನ್. ಅಂತ ಇರುತ್ತಾನೆ, ಅವನ ಕೊನೆಯ ಹೆಸರು ಎನ್. ಅದೇ ಮನುಷ್ಯ ಇನ್ನೊಂದು ಕಡೆಯಿಂದ ಬಿ. ಎನ್. ಮಂಜುನಾಥ್ ಅಂತ ಬಂದರೆ ಸಿಸ್ಟಮ್‌ಗೆ ಅವನು ಬೇರೆಯವನು. ಮೊಬೈಲ್ ನಂಬರ್ ಇಟ್ಟುಕೊಂಡು ಜೋಡಿಸಿ, ಹೆಸರು ಇಟ್ಟುಕೊಂಡು ಬೇಡ.

ಇನ್ನು ಅಂಕ. ನನ್ನ ಸಲಹೆ, ಅಂಕದ ಕಾಲಮ್ಮನ್ನು ಮುಚ್ಚಿಬಿಡಿ. ಅಮೆಜಾನ್ ಕಥೆ ನೆನಪಿದೆ ಅಲ್ವಾ? 2018ರಲ್ಲಿ ರಾಯಿಟರ್ಸ್ ಬರೆದಿತ್ತು. ಹತ್ತು ವರ್ಷದ ರೆಸ್ಯೂಮೆಗಳನ್ನು ತಿನ್ನಿಸಿ ಒಂದು ಯಂತ್ರ ಮಾಡಿದರು, ಹಳೆಯ ರೆಸ್ಯೂಮೆಗಳಲ್ಲಿ ಗಂಡಸರದ್ದೇ ಜಾಸ್ತಿ ಇದ್ದದ್ದಕ್ಕೆ ಅದು ಹೆಂಗಸರ ರೆಸ್ಯೂಮೆಗೆ ಅಂಕ ಕಡಿಮೆ ಕೊಡಲು ಕಲಿತುಬಿಟ್ಟಿತು, ಕೊನೆಗೆ ಆ ಯೋಜನೆಯನ್ನೇ ಕೈಬಿಟ್ಟರು. ಅಷ್ಟು ದೊಡ್ಡವರ ಕೈಯಲ್ಲೇ ಆಗಲಿಲ್ಲ. 2021ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಅಕ್ಸೆಂಚರ್ ಸೇರಿ ಮಾಡಿದ ಒಂದು ವರದಿಯಲ್ಲಿ 88% ಉದ್ಯೋಗದಾತರು, ಯೋಗ್ಯರಾದವರೇ ನಮ್ಮ ಜಾಹೀರಾತಿನ ಪದಕ್ಕೆ ಸರಿಯಾಗಿ ಹೊಂದಲಿಲ್ಲ ಅಂತ ಜರಡಿಯಲ್ಲಿ ಹೊರಗೆ ಹೋಗುತ್ತಾರೆ ಅಂತ ಒಪ್ಪಿಕೊಂಡಿದ್ದಾರೆ. ಮಧ್ಯೆ ಆರು ತಿಂಗಳು ಕೆಲಸ ಬಿಟ್ಟವರನ್ನೂ ಎಷ್ಟೋ ಕಂಪನಿಗಳ ಫಿಲ್ಟರ್ ಹಾಗೇ ಎಸೆಯುತ್ತದೆ. ಹೆರಿಗೆಗೆ ಅಂತ ಬಿಟ್ಟವಳು, ಅಪ್ಪನ ಆಸ್ಪತ್ರೆಗೆ ಅಂತ ಊರಿಗೆ ಹೋದವನು, ಎಲ್ಲರೂ ಅಲ್ಲೇ ಹೋದರು.

ಈಗಂತೂ ಜಾಹೀರಾತನ್ನು ಎಐಗೆ ಕೊಟ್ಟು "ಇದಕ್ಕೆ ತಕ್ಕ ರೆಸ್ಯೂಮೆ ಬರೆ" ಅಂದರೆ ಎರಡು ನಿಮಿಷ. ನಿಮ್ಮ 92ರವನು ಅದನ್ನೇ ಮಾಡಿರಬೇಕು. ಸಾಫ್ಟ್‌ವೇರ್ ಬರೆದ ರೆಸ್ಯೂಮೆಯನ್ನು ಸಾಫ್ಟ್‌ವೇರ್ ಓದಿ ಮೆಚ್ಚಿದೆ, ನೀವು ಮಧ್ಯದಲ್ಲಿ ಕುಳಿತು ಫೋನ್ ಮಾಡಿದ್ದೀರಿ.

ಬಿಸಾಕುವ ಅಗತ್ಯ ಇಲ್ಲ. ಅರ್ಜಿ ಫಾರ್ಮಿನಲ್ಲಿ ಪ್ರಶ್ನೆ ಸೇರಿಸುವ ಸೌಲಭ್ಯ ಇದ್ದೇ ಇರುತ್ತದೆ. ಮಾವನ ಮೂರು ಪ್ರಶ್ನೆಗಳಲ್ಲಿ ಎರಡನ್ನು ಅಲ್ಲಿಗೆ ಹಾಕಿ, ಕನ್ನಡದಲ್ಲೇ. ಉತ್ತರ ತಪ್ಪಾದರೆ ತಾನೇ ತಿರಸ್ಕರಿಸುವ ಹಾಗೆ ಇಡಬೇಡಿ, ಓದಿ.

ಪೀಣ್ಯದ_ಎಚ್‌ಆರ್

ಕಡಬು ಅವರೇ, ಈಗಷ್ಟೇ ಆ ಟ್ಯಾಬ್ ತೆರೆದೆ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಹೆಸರು: ಕರಿಕುಲಮ್ ವೀಟೇ (ರೆಸ್ಯೂಮೆಯ ತಲೆಬರಹವನ್ನೇ ಹೆಸರು ಅಂದುಕೊಂಡಿದೆ). ಅನುಭವ: 0. ಕೌಶಲ: ಕ್ರಿಕೆಟ್. ತಲೆಬರಹಗಳು ಇಂಗ್ಲಿಷಿನಲ್ಲಿವೆ, ಕೆಲಸದ ವಿವರ ಮಾತ್ರ ಕನ್ನಡದಲ್ಲಿ, ಅದು ಪೂರ್ತಿ ಪೌಂಡ್ ಗುರುತು!

ಐಟಿಐ_ತಿಪಟೂರು

ಮೇಡಂ, ನಾನು ನಿಮ್ಮ ಆಚೆ ಬದಿಯವನು. ಐಟಿಐ ಟರ್ನರ್, ನಾಲ್ಕು ವರ್ಷ ಅನುಭವ. ನಮ್ಮ ಕಷ್ಟವೂ ಸ್ವಲ್ಪ ಕೇಳಿ.

ಫೋನ್ ಎತ್ತಲಿಲ್ಲ ಅಂದಿರಿ. ನೌಕರಿ ಆ್ಯಪ್‌ನಲ್ಲಿ ನಂಬರ್ ಹಾಕಿದ ಮಾರನೇ ದಿನದಿಂದ ನನಗೆ ದಿನಕ್ಕೆ ಐದಾರು ಫೋನ್. ಒಬ್ಬ ರಿಜಿಸ್ಟ್ರೇಷನ್‌ಗೆ 1500 ಕಟ್ಟು ಅಂತಾನೆ, ಒಬ್ಬ ಇನ್ಶೂರೆನ್ಸ್ ಮಾರಲು ಬರ್ತೀಯಾ ಅಂತಾನೆ. 1500 ಒಂದು ಸಲ ಕಟ್ಟಿಯೂ ಬಿಟ್ಟೆ, ಹೋಗಿ ನೋಡಿದರೆ ಆ ವಿಳಾಸದಲ್ಲಿ ಬೀಗ. ಆಮೇಲಿಂದ ಗೊತ್ತಿಲ್ಲದ ನಂಬರ್ ಎತ್ತುವುದಿಲ್ಲ. ಮೊದಲು ಕಂಪನಿ ಹೆಸರು ಹಾಕಿ ಒಂದು ಮೆಸೇಜ್ ಕಳಿಸಿ ಆಮೇಲೆ ಫೋನ್ ಮಾಡಿ, ಎತ್ತುತ್ತೇವೆ.

ಇನ್ನು ಆ ಫಾರ್ಮು. ಖಾತೆ ತೆರೆಯಬೇಕು, ಪಾಸ್‌ವರ್ಡ್ ಇಡಬೇಕು, ರೆಸ್ಯೂಮೆ ಹಾಕಬೇಕು, ಹಾಕಿದ ಮೇಲೆ ಅದರಲ್ಲಿರುವುದನ್ನೇ ಮತ್ತೆ ಟೈಪ್ ಮಾಡಬೇಕು. ಶಿಫ್ಟ್ ಮುಗಿಸಿ ರೂಮಿಗೆ ಬಂದು ಆ ಚಿಕ್ಕ ಮೊಬೈಲಿನಲ್ಲಿ 24 ಕಾಲಮ್ ಯಾರು ತುಂಬುತ್ತಾರೆ? ಹೊಟ್ಟೆಪಾಡಿಗೆ ಊರಿಗೆಲ್ಲ ಅರ್ಜಿ ಹಾಕುವವನು ತುಂಬುತ್ತಾನೆ, ಈಗಾಗಲೇ ಕೆಲಸದಲ್ಲಿ ಇರುವವನು ತುಂಬುವುದಿಲ್ಲ. "ಸಂಬಳ ಅನುಭವಕ್ಕೆ ತಕ್ಕಂತೆ" ಅಂತ ಹಾಕುತ್ತೀರಲ್ಲ, ಅದನ್ನು ನೋಡಿದ ಕೂಡಲೇ ಮುಂದಿನದಕ್ಕೆ ಹೋಗುತ್ತೇವೆ. ಕೈಗೆ ಎಷ್ಟು, ಓಟಿ ಡಬಲ್ಲೋ ಸಿಂಗಲ್ಲೋ, ರಾತ್ರಿ ಶಿಫ್ಟಿಗೆ ಗಾಡಿ ಇದೆಯಾ, ಯಾವ ಮಶಿನ್, ಯಾವ ಕಂಟ್ರೋಲ್. ಇಷ್ಟು ಬರೆಯಿರಿ ಸಾಕು, ಕ್ಯಾಂಟೀನ್ ಇದ್ದರೆ ಅದನ್ನೂ.

ಒಂದು ಕಡೆಯಂತೂ ಅರ್ಜಿ ಹಾಕುವಾಗಲೇ ಆಧಾರ್ ಎರಡೂ ಬದಿ ಕೇಳಿದ್ದರು. ಕೆಲಸ ಕೊಡುವ ಮೊದಲೇ ಅದು ಯಾಕೆ?

ಬೂಲಿಯನ್_ಭಟ್ಟ

ತಿಪಟೂರಿನವರು ಹೇಳಿದ ಆಧಾರ್ ವಿಷಯಕ್ಕೆ ಒಂದು ಮಾತು. ಜನರ ವೈಯಕ್ತಿಕ ಮಾಹಿತಿ ಕಾಪಾಡುವ ಡಿಪಿಡಿಪಿ ಕಾಯ್ದೆ 2023ರಲ್ಲಿ ಬಂತು, ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಯಾವ ಮಾಹಿತಿ ಯಾಕೆ ತಗೊಳ್ಳುತ್ತಿದ್ದೇವೆ ಅಂತ ಹೇಳಿ ತಗೊಳ್ಳಬೇಕು, ಕೆಲಸ ಮುಗಿದ ಮೇಲೆ ಅಳಿಸಬೇಕು. ಮೇಡಂ, ನಿಮ್ಮ ವಾಟ್ಸಾಪ್‌ನಲ್ಲಿ ಹಳೆಯ ಆಧಾರ್ ಫೋಟೋಗಳು ಎಷ್ಟು ಬಿದ್ದಿವೆ ಅಂತ ಒಮ್ಮೆ ನೋಡಿ. ನಾನೂ ಹೋದ ತಿಂಗಳೇ ಅಳಿಸಿದ್ದು, ಸಾವಿರದ ಹತ್ತಿರ ಇದ್ದವು.

ಪೀಣ್ಯದ_ಎಚ್‌ಆರ್

ಮೂರು ವಾರ ಆಯಿತು, ಆದದ್ದನ್ನು ಹೇಳಿಬಿಡುತ್ತೇನೆ.

ಜಾಹೀರಾತನ್ನು ಕನ್ನಡದಲ್ಲಿ ಮತ್ತೆ ಬರೆದೆ. ಕೈಗೆ ಬರುವ ಸಂಬಳ, ಮಶಿನ್ ಹೆಸರು, ಕಂಟ್ರೋಲ್, ಶಿಫ್ಟ್ ಸಮಯ. ಸಂಬಳ ಹಾಕಬೇಡಿ, ಒಳಗಿನವರು ನೋಡಿಬಿಡುತ್ತಾರೆ ಅಂತ ಮಾಲೀಕರು ಎರಡು ದಿನ ಜಗಳ ಮಾಡಿದರು. ಒಳಗಿನವರು ನೋಡಿದರು, ಇಬ್ಬರು ಬಂದು ಕೇಳಿದರು, ಒಬ್ಬನಿಗೆ ನಿಜಕ್ಕೂ ಕಡಿಮೆ ಕೊಡುತ್ತಿದ್ದೆವು, ಸರಿಮಾಡಿದೆವು. ಫಾರ್ಮ್ ಆರು ಕಾಲಮ್‌ಗೆ ಇಳಿಸಿದೆ. 25 ಎಚ್7 ಪ್ರಶ್ನೆ ಮತ್ತು ಜಿ54 ಪ್ರಶ್ನೆ ಹಾಕಿದೆ, ಉತ್ತರ ಬರೆಯಲು ಬೇಜಾರಾದರೆ ಮಾತಾಡಿ ಧ್ವನಿ ಸಂದೇಶ ಕಳಿಸಬಹುದು ಅಂದೆ. ಈ ಸಲ ಬಂದದ್ದು 412 ಅಲ್ಲ, 57 ಅರ್ಜಿ. ಮಾಲೀಕರಿಗೆ ಮುಖ ಸಣ್ಣದಾಯಿತು. ಧ್ವನಿ ಸಂದೇಶಗಳನ್ನು ಸೂಪರ್‌ವೈಸರ್ ಮಧ್ಯಾಹ್ನ ಊಟದ ಹೊತ್ತಿಗೆ ಸ್ಪೀಕರ್ ಹಾಕಿಕೊಂಡು ಕೇಳಿದರು, ಒಬ್ಬ "ಚಾರ್ಟ್ ನೋಡಬೇಕು ಸರ್, ಆದ್ರೆ 21 ಮೈಕ್ರಾನ್ ಇರ್ಬೇಕು" ಅಂದದ್ದಕ್ಕೆ ಊಟ ಬಿಟ್ಟು ಎದ್ದು ಬಂದು "ಇವನನ್ನ ಕರೀರಿ" ಅಂದರು.

ಹಳೆಯ 412ರಲ್ಲಿ 40ಕ್ಕಿಂತ ಕಡಿಮೆ ಅಂಕ ಬಂದವರನ್ನು ಭಾನುವಾರ ಕೂತು ಒಂದೊಂದಾಗಿ ತೆರೆದೆ. ಹನ್ನೊಂದು ಜನರದ್ದು ಬರೀ ಫೋಟೋ, ಏಳು ಜನರದ್ದು ಪೌಂಡ್ ಗುರುತಿನ ಕನ್ನಡ. ಅವರಿಗೆ ಕಂಪನಿ ಹೆಸರು ಹಾಕಿ ಮೊದಲು ಮೆಸೇಜ್, ಎರಡೂವರೆಗೆ ಫೋನ್. ಹದಿನಾಲ್ಕು ಜನ ಎತ್ತಿದರು. ಒಬ್ಬಳು ದೊಡ್ಡಬಳ್ಳಾಪುರದವಳು, ಮಗು ಆದ ಮೇಲೆ ಎರಡು ವರ್ಷ ಬಿಟ್ಟಿದ್ದಳು, ಮಶಿನ್ ಮುಂದೆ ನಿಂತು ಹತ್ತು ನಿಮಿಷ ಕೈ ಮರೆತ ಹಾಗೆ ತಡವರಿಸಿದಳು, ಆಮೇಲೆ ಸರಾಗವಾಗಿ ಮಾಡಿದಳು. ಸೋಮವಾರದಿಂದ ಬರುತ್ತಿದ್ದಾಳೆ, ಮೊದಲ ಶಿಫ್ಟ್ ಮಾತ್ರ. 21 ಮೈಕ್ರಾನ್ ಹುಡುಗ ಆಫರ್ ತಗೊಂಡು ಕೈಕೊಟ್ಟ, ಇದ್ದ ಕಂಪನಿಯವರೇ ಸಂಬಳ ಜಾಸ್ತಿ ಮಾಡಿದರಂತೆ. ಹಾಗಾಗಿ ಒಂದು ಜಾಗ ಇನ್ನೂ ಖಾಲಿ. ತಿಪಟೂರಿನವರೇ, ನೀವು ಟರ್ನರ್ ಅಂದಿರಿ, ಟರ್ನಿಂಗ್ ಸೆಂಟರಿಗೂ ಮುಂದಿನ ತಿಂಗಳು ಒಬ್ಬರು ಬೇಕು, ಮೆಸೇಜ್ ಮಾಡಿ.

ಮೈಕ್ರಾನ್_ಮಾವ

ಆ 31ರವನು ಏನಾದ?

ಪೀಣ್ಯದ_ಎಚ್‌ಆರ್

ಅವನು ಎರಡು ವಾರದ ಹಿಂದೆಯೇ ಸೇರಿದ. ನಾನು ಸಿಸ್ಟಮ್‌ನಲ್ಲಿ ಹೆಸರು ತಿದ್ದುವುದನ್ನು ಮರೆತಿದ್ದೆ. ನಿನ್ನೆ ಐಡಿ ಕಾರ್ಡ್ ಪ್ರಿಂಟ್ ಆಗಿ ಬಂತು, ಅವನ ಫೋಟೋ ಕೆಳಗೆ ದಪ್ಪಕ್ಷರದಲ್ಲಿ ಕರಿಕುಲಮ್ ವೀಟೇ. ವಾಪಸ್ ಕೊಡು, ಬೇರೆ ಮಾಡಿಸುತ್ತೇನೆ ಅಂದರೆ ಕೊಡುತ್ತಿಲ್ಲ, ಊರಿಗೆ ತಗೊಂಡು ಹೋಗಿ ತೋರಿಸಬೇಕಂತೆ.